ದಲಾಗ: ಒಂದು ತಗಾಲೊಗ್ ಪದ ಮತ್ತು ಅದರ ಬಳಗ

‘ದಲಾಗ ನ ಸಿಯ.’ ‘ದಲಾಗ ಪ ಸಿಯ.’ ಫಿಲಿಪೀನ್ಸಿನ ತಗಾಲೊಗ್ ಭಾಷೆಯ ಈ ಎರಡು ವಾಕ್ಯಗಳಲ್ಲಿ ಬೇರೆಯಾಗಿರುವುದು ಒಂದೇ ಒಂದು ಅಕ್ಷರ. ಮೊದಲನೆಯದು ‘ಅವಳು ದೊಡ್ಡವಳಾದಳು’ ಎನ್ನುತ್ತದೆ. ಎರಡನೆಯದು ‘ಅವಳಿಗೆ ಇನ್ನೂ ಮದುವೆಯಾಗಿಲ್ಲ’ ಎನ್ನುತ್ತದೆ. ಹದಿಮೂರು ವರ್ಷದ ಮೊಮ್ಮಗಳನ್ನು ನೋಡಿ ಅಜ್ಜಿ ಹೇಳುವುದು ಮೊದಲನೆಯ ಮಾತು. ಮೂವತ್ತೈದು ದಾಟಿದ ಶಾಲಾ ಶಿಕ್ಷಕಿಯ ಬಗ್ಗೆ ನೆರೆಹೊರೆಯವರು ಹೇಳುವುದು ಎರಡನೆಯದು. ಎರಡರಲ್ಲೂ ಇರುವ ಪದ ಅದೇ ದಲಾಗ.

ನಿಘಂಟು ತೆಗೆದರೆ ‘ಮದುವೆಯಾಗದ ಯುವತಿ’ ಎಂಬ ಅರ್ಥ ಸಿಗುತ್ತದೆ. ತಪ್ಪಿಲ್ಲ, ಆದರೆ ಅಷ್ಟರಿಂದ ಪದ ಕೈಗೆ ಸಿಗುವುದಿಲ್ಲ. ಅದರೊಳಗೆ ಎರಡು ಅಳತೆಗಳಿವೆ. ಒಂದು ವಯಸ್ಸಿನದು: ಹುಡುಗಿತನ ಮುಗಿದು ಪ್ರಾಯಕ್ಕೆ ಬಂದವಳು. ಇನ್ನೊಂದು ಮದುವೆಯದು: ಗಂಡನಿಲ್ಲದವಳು, ಹಿಂದೆಯೂ ಮದುವೆಯಾಗಿರದವಳು. ದಲಾಗ ಎಂಬ ಅವಸ್ಥೆಗೆ ಪ್ರವೇಶ ವಯಸ್ಸಿನ ಬಾಗಿಲಿಂದ, ನಿರ್ಗಮನ ಮದುವೆಯ ಬಾಗಿಲಿಂದ. ಮಾತಾಡುವವರು ಯಾವ ಬಾಗಿಲನ್ನು ನೋಡುತ್ತಿದ್ದಾರೆ ಎಂಬುದನ್ನು ಪದದ ಹಿಂದೆ ಮುಂದೆ ಅಂಟುವ ಚಿಕ್ಕ ತುಣುಕುಗಳು ತೋರಿಸುತ್ತವೆ. ಆ ತುಣುಕುಗಳನ್ನು ಓದಲು ಬಂದರೆ ಬಳಗದ ಮುಕ್ಕಾಲು ಪಾಲು ಪದಗಳು ತಾವೇ ಬಿಡಿಸಿಕೊಳ್ಳುತ್ತವೆ.

ಮೊದಲು ಉಚ್ಚಾರಣೆ. ಒತ್ತು ನಡುವಿನ ‘ಲಾ’ ಮೇಲೆ, ಅದು ತುಸು ದೀರ್ಘ. ‘ದ’ ಹಲ್ಲಿಗೆ ತಾಗುವ ನಮ್ಮ ದಕಾರವೇ. ಗಂಡುಮಕ್ಕಳಿಗಿರುವ ಜೋಡಿಪದ ಬಿನಾತ: ಪ್ರಾಯಕ್ಕೆ ಬಂದ, ಮದುವೆಯಾಗದ ಗಂಡು. ಈ ಪದದ ಕೊನೆಯಲ್ಲಿ ಗಂಟಲನ್ನು ಥಟ್ಟನೆ ಮುಚ್ಚುವ ಒಂದು ತಡೆ ಇದೆ. ಅದನ್ನು ಬರೆಯುವುದಿಲ್ಲ, ಕಿವಿಗೂ ಸುಲಭಕ್ಕೆ ಬೀಳುವುದಿಲ್ಲ. ಆದರೂ ಅದು ಮುಂದೆ ಒಂದು ಕಡೆ ವ್ಯಾಕರಣವನ್ನೇ ತಿರುಗಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ತಗಾಲೊಗ್‌ನಲ್ಲಿ ದಿನವಿಡೀ ಕೆಲಸ. ಇಲ್ಲಿ ‘ಙ್’ ಕಂಡಲ್ಲೆಲ್ಲ ಗಕಾರ ಸೇರಿಸದೆ ಮೂಗಿನಲ್ಲೇ ನಿಲ್ಲಿಸಿ ಓದಿಕೊಳ್ಳಿ. ಬಹುವಚನಕ್ಕೆ ಪದದ ಮುಂದೆ ‘ಮಙ’ ಬರುತ್ತದೆ: ಮಙ ದಲಾಗ, ಅಂದರೆ ಯುವತಿಯರು. ಬರವಣಿಗೆಯಲ್ಲಿ ಅದು ಬರೀ ಮೂರು ರೋಮನ್ ಅಕ್ಷರಗಳಾಗಿರುವುದರಿಂದ ಹೊಸಬರು ‘ಮ್ಗ’ ಎಂದು ಎಡವುತ್ತಾರೆ.

ಈಗ ಆ ‘ನ’ ಮತ್ತು ‘ಪ’. ‘ನ’ ಎಂದರೆ ಆಗಲೇ, ಆಯಿತು ಎಂಬ ಭಾವ. ‘ಪ’ ಎಂದರೆ ಇನ್ನೂ. ‘ದಲಾಗ ನ’ ಎಂದಾಗ ನೋಟ ಹಿಂದಕ್ಕೆ ಹೋಗುತ್ತದೆ: ಮೊನ್ನೆವರೆಗೆ ಮಗು, ಈಗ ಅಲ್ಲ. ಮೊದಲ ಮುಟ್ಟಾದ ಸುದ್ದಿಯನ್ನು ಮನೆಯವರು ಹೀಗೇ ಹೇಳುವುದುಂಟು. ಕನ್ನಡದ ‘ದೊಡ್ಡವಳಾದಳು’ ಕೂಡ ಅದೇ ಸಂಕೋಚ, ಅದೇ ಸಂಭ್ರಮ ಹೊತ್ತ ಮಾತು. ‘ದಲಾಗ ಪ’ ಎಂದಾಗ ನೋಟ ಮುಂದಕ್ಕೆ: ಮದುವೆ ಎಂಬುದು ಇದೆ, ಇನ್ನೂ ಬಂದಿಲ್ಲ. ಅರವತ್ತರ ಅಜ್ಜಿ ‘ನೋಒಙ್ ದಲಾಗ ಪ ಅಕೊ’ ಎಂದು ಮಾತು ಶುರು ಮಾಡಿದರೆ ‘ನನಗಿನ್ನೂ ಮದುವೆಯಾಗದಿದ್ದ ಕಾಲದಲ್ಲಿ’ ಎಂದರ್ಥ. ಆಕೆಯ ಯೌವನದ ಕತೆ ಶುರುವಾಗುವುದು ಈ ನಾಲ್ಕು ಪದಗಳಿಂದ.

ಈ ಚಿಕ್ಕ ಪದಗಳಿಗೆ ಸ್ಥಾನದ ನಿಯಮವಿದೆ, ಕಲಿಯುವವರು ಹೆಚ್ಚು ತಪ್ಪುವುದೂ ಇಲ್ಲೇ. ‘ನೀನು’ ಎಂಬರ್ಥದ ‘ಕ’ ಒಂದೇ ಅಕ್ಷರದ್ದು. ಅದು ‘ನ’, ‘ಪ’ಗಳಿಗಿಂತ ಮೊದಲು ಬರಬೇಕು: ‘ದಲಾಗ ಕ ನ’, ನೀನು ದೊಡ್ಡವಳಾದೆ. ‘ಅವಳು’ ಎಂಬರ್ಥದ ‘ಸಿಯ’ ಎರಡು ಅಕ್ಷರದ್ದು. ಅದು ನಂತರ ಬರಬೇಕು: ‘ದಲಾಗ ನ ಸಿಯ’. ‘ದಲಾಗ ಸಿಯ ನ’ ಎಂದರೆ ಅರ್ಥ ತಿಳಿದೀತು, ಆದರೆ ಹೊರಗಿನವರ ಮಾತು ಎಂದು ತಕ್ಷಣ ಗೊತ್ತಾಗುತ್ತದೆ. ಪ್ರಶ್ನೆಯ ‘ಬ’ ಇವೆರಡರ ಹಿಂದೆ ನಿಲ್ಲುತ್ತದೆ: ‘ದಲಾಗ ಕ ಪ ಬ?’, ನಿನಗಿನ್ನೂ ಮದುವೆಯಾಗಿಲ್ಲವೇ? ವ್ಯಾಕರಣದಲ್ಲಿ ಸರಿಯಿದ್ದರೂ ಇದನ್ನು ಅಪರಿಚಿತ ಗಂಡಸು ಕೇಳಿದರೆ ಹತ್ತಿರವಾಗಲು ನೋಡುತ್ತಿದ್ದಾನೆ ಎಂದೇ ಕೇಳಿಸುತ್ತದೆ. ಮಾಹಿತಿಯಷ್ಟೇ ಬೇಕಿದ್ದರೆ ‘ಮಯ್ ಅಸಾವ ಕ ನ ಬ?’, ಮದುವೆಯಾಗಿದೆಯೇ ಎಂದು ಕೇಳುವುದು ವಾಸಿ. ‘ಅಸಾವ’ ಗಂಡನಿಗೂ ಹೆಂಡತಿಗೂ ಒಂದೇ ಪದ. ‘ಸಿಯ’ ಕೂಡ ಅವನಿಗೂ ಅವಳಿಗೂ ಒಂದೇ. ಒಡಹುಟ್ಟಿದವರು ಗಂಡಾಗಲಿ ಹೆಣ್ಣಾಗಲಿ ‘ಕಪತಿದ್’. ಲಿಂಗಭೇದವನ್ನು ಇಷ್ಟು ಕಡಿಮೆ ಮಾಡುವ ಭಾಷೆ ದಲಾಗ, ಬಿನಾತ ಎಂಬ ಜೋಡಿಯಲ್ಲಿ ಬಿಗಿಯಾಗಿ ಬೇರ್ಪಡಿಸುತ್ತದೆ. ಈ ಅವಸ್ಥೆಗೆ ಸಮಾಜ ಕೊಟ್ಟ ತೂಕ ಇಲ್ಲಿ ಕಾಣುತ್ತದೆ.

ವಯಸ್ಸಿನ ಮೆಟ್ಟಿಲುಗಳಿಗೆ ಬರೋಣ. ದಲಾಗಳಿಗಿಂತ ಕೆಳಗೆ ದಲಗೀತ, ಸುಮಾರು ಹನ್ನೆರಡರಿಂದ ಹದಿನೈದು ಹದಿನಾರರವರೆಗಿನ ಹುಡುಗಿ. ಮೂಲಪದದ ಕೊನೆಯ ಸ್ವರ ಬಿದ್ದು ಅಲ್ಲಿಗೆ ಸ್ಪ್ಯಾನಿಷ್‌ನ ‘ಇತಾ’ ಎಂಬ ಕಿರಿದಾಗಿಸುವ ಪ್ರತ್ಯಯ ಕೂತಿದೆ. 1565ರಿಂದ 1898ರವರೆಗೆ ಸ್ಪೇನ್ ಆಳಿದ ನಾಡಿನಲ್ಲಿ ಸಾವಿರಾರು ಸ್ಪ್ಯಾನಿಷ್ ಪದಗಳು ಉಳಿದಿರುವುದು ಆಶ್ಚರ್ಯವಲ್ಲ. ಸ್ಪ್ಯಾನಿಷ್ ಪ್ರತ್ಯಯವೊಂದು ಅಚ್ಚ ತಗಾಲೊಗ್ ಬೇರಿಗೆ ಬೆಸೆದುಕೊಂಡು ಮನೆಮಾತಾಗಿರುವುದು ಹೆಚ್ಚಿನ ಸಂಗತಿ. ಗಂಡುಹುಡುಗರಿಗೆ ಬಂದದ್ದು ಬೇರೆ ಪ್ರತ್ಯಯ, ‘ಇಯೊ’ ಎಂಬುದರ ಹಳೆಯ ಉಚ್ಚಾರವಾದ ‘ಇಲ್ಯೊ’: ಬಿನಾತಕ್ಕೆ ಬಿನತಿಲ್ಯೊ. ಹಾಗಾಗಿ ‘ದಲಗಿಲ್ಯ’, ‘ಬಿನತೀತೊ’ ಎಂದು ಜೋಡಿ ಕಟ್ಟಲು ಹೋಗಬಾರದು.

ದಲಗೀತಳಿಗಿಂತಲೂ ಒಂದು ಮೆಟ್ಟಿಲು ಕೆಳಗೆ ದಲಗಿಂದಿಙ್ ಎಂಬ ಮುದ್ದಾದ ಪದವಿದೆ: ಇನ್ನೂ ಪ್ರಾಯಕ್ಕೆ ಬಂದಿಲ್ಲ, ಆದರೆ ಲಂಗದ ಉದ್ದದ ಬಗ್ಗೆ, ಕೂದಲ ಬಗ್ಗೆ ಗಮನ ಶುರುವಾಗಿದೆ, ಆ ಹಂತ. ಈಗಿನ ನಗರದವರು ಈ ಎರಡು ಮೆಟ್ಟಿಲುಗಳನ್ನು ಕಲಸಿಬಿಡುತ್ತಾರೆ, ಹಲವರು ಇಂಗ್ಲಿಷಿನ ‘ಟೀನೇಜರ್’ನಲ್ಲೇ ಮುಗಿಸುತ್ತಾರೆ. ಕತೆ, ರೇಡಿಯೊ ನಾಟಕ, ಹಳ್ಳಿಯ ಮಾತುಗಳಲ್ಲಿ ದಲಗಿಂದಿಙ್ ಇನ್ನೂ ಜೀವಂತವಾಗಿದೆ. ಇರಲಿ ಎನಿಸುವಂಥ ಪದ.

ಕ್ರಿಯಾರೂಪಗಳು ಈ ಬಳಗದ ಅತ್ಯಂತ ಶ್ರೀಮಂತ ಭಾಗ. ನಾಮಪದದ ಮುಂದೆ ‘ಮಗ್’ ಸೇರಿಸಿದರೆ ‘ಅದಾಗು’ ಎಂಬ ಕ್ರಿಯೆ ಬರುತ್ತದೆ: ಮಗ್‌ದಲಾಗ, ಪ್ರಾಯಕ್ಕೆ ಬರು. ಮುಗಿದ ಕ್ರಿಯೆಗೆ ‘ಮ’ ಹೋಗಿ ‘ನ’ ಬರುತ್ತದೆ: ನಗ್‌ದಲಾಗ, ಬಂದಳು. ನಡೆಯುತ್ತಿರುವ ಕ್ರಿಯೆಗೆ ಬೇರಿನ ಮೊದಲ ಅಕ್ಷರವನ್ನು ಎರಡು ಬಾರಿ ಹೇಳಬೇಕು: ನಗ್‌ದದಲಾಗ, ಬರುತ್ತಿದ್ದಾಳೆ. ಇನ್ನೂ ಆಗಬೇಕಾದದ್ದಕ್ಕೆ ಅಕ್ಷರ ಮಡಿಸಿ ‘ಮಗ್’ ಉಳಿಸಿಕೊಳ್ಳಬೇಕು: ಮಗ್‌ದದಲಾಗ, ಬರಲಿದ್ದಾಳೆ. ತಗಾಲೊಗ್ ಕ್ರಿಯಾಪದಗಳು ಕಾಲಕ್ಕಿಂತ ಹೆಚ್ಚಾಗಿ ಕೆಲಸ ಮುಗಿಯಿತೇ, ನಡೆಯುತ್ತಿದೆಯೇ, ಶುರುವಾಗಬೇಕೇ ಎಂಬುದನ್ನು ಹೇಳುತ್ತವೆ. ‘ನಗ್‌ದದಲಾಗ’ ಎಂಬುದು ನಿನ್ನೆಯದಾಗಲಿ ಇವತ್ತಿನದಾಗಲಿ, ಆ ಹೊತ್ತಿಗೆ ಇನ್ನೂ ಮುಗಿದಿರದ ಬೆಳವಣಿಗೆ. ಇದೇ ರೂಪವನ್ನು ಗುಣವಾಚಕದ ಹಾಗೆ ಬಳಸಿ ‘ನಗ್‌ದದಲಾಗಙ್ ಅನಕ್’ ಎಂದರೆ ಪ್ರಾಯಕ್ಕೆ ಬರುತ್ತಿರುವ ಮಗಳು.

ಇದರಿಂದ ಹುಟ್ಟಿದ ಭಾವನಾಮ ಪಗ್‌ದದಲಾಗ: ಹುಡುಗಿಯ ಪ್ರಾಯ ಪ್ರವೇಶ, ಹದಿಹರೆಯ. ಗಂಡುಮಕ್ಕಳದು ಪಗ್‌ಬಿಬಿನಾತ. ‘ಪಗ್‌ದದಲಾಗ ಅತ್ ಪಗ್‌ಬಿಬಿನಾತ’ ಎಂಬ ಜೋಡಿಯನ್ನು ಫಿಲಿಪೀನ್ಸಿನ ಏಳನೇ ತರಗತಿಯ ಮೌಲ್ಯಶಿಕ್ಷಣದ ಪಠ್ಯದಲ್ಲಿ ಓದದೆ ಬೆಳೆದ ಇತ್ತೀಚಿನ ಮಕ್ಕಳು ಕಡಿಮೆ. ಶಾಲೆಯ ಹೊರಗೆ ಈ ಹಂತಕ್ಕೆ ಬೇರೆ ಆಚರಣೆಗಳಿವೆ. ಮೊದಲ ಬಾರಿ ಮುಟ್ಟಾದ ಹುಡುಗಿಯನ್ನು ಮನೆಯ ಏಣಿಯ ಮೂರನೇ ಮೆಟ್ಟಿಲಿಂದ ಕೆಳಗೆ ಹಾರಿಸುವುದು ಹಳೆಯ ರೂಢಿ. ಮುಂದೆ ಮುಟ್ಟು ಮೂರೇ ದಿನ ಇರಲಿ ಎಂಬ ನಂಬಿಕೆ. ಮುಖದಲ್ಲಿ ಮೊಡವೆ ಬರದಿರಲೆಂದು ಆ ಮೊದಲ ರಕ್ತದಿಂದ ಮುಖ ತೊಳೆಸುವುದೂ ಇತ್ತು. ಇದಕ್ಕೆ ವೈದ್ಯಕೀಯ ಆಧಾರವಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಮುಟ್ಟಿಗೆ ಸಭ್ಯ ಮಾತು ‘ಬುವಾನಙ್ ದಾಲವ್’, ತಿಂಗಳ ಭೇಟಿ. ಗಂಡುಹುಡುಗರ ಪಗ್‌ಬಿಬಿನಾತಕ್ಕೆ ಬೇಸಿಗೆ ರಜೆಯಲ್ಲಿ ಮಾಡಿಸುವ ಸುನ್ನತಿ, ‘ತೂಲಿ’, ಗುರುತಾಗಿ ನಿಲ್ಲುತ್ತದೆ. ಇದು ಕ್ಯಾಥೊಲಿಕ್ ಕುಟುಂಬಗಳಲ್ಲೂ ಇದೆ.

ಪಗ್‌ದದಲಾಗಕ್ಕೂ ಪಗ್‌ಕದಲಾಗಕ್ಕೂ ಒಂದಕ್ಷರದ ವ್ಯತ್ಯಾಸ; ಅರ್ಥ ಪೂರ್ತಿ ಬೇರೆ. ಮೊದಲನೆಯದು ನಡೆಯುವ ಬದಲಾವಣೆ, ಎರಡನೆಯದು ಇರುವ ಸ್ಥಿತಿ: ಕನ್ಯಾವಸ್ಥೆ, ಮದುವೆಯಾಗದಿರುವಿಕೆ. ಇವನ್ನು ಅದಲುಬದಲು ಮಾಡಿದರೆ ವಾಕ್ಯ ನಗೆಪಾಟಲಾಗುತ್ತದೆ. ಅರ್ಜಿ ನಮೂನೆಗಳ ಬಗ್ಗೆ ಹೇಳುವಾಗ ಈ ಪದ ಮತ್ತೆ ಬರುತ್ತದೆ.

ಗುಂಪಿಗೆ ಹೇಳುವ ಪದ ಕದಲಗಾಹನ್. ಮುಂದೆ ‘ಕ’, ಹಿಂದೆ ‘ಅನ್’. ಬೇರು ಸ್ವರದಲ್ಲಿ ಮುಗಿಯುವುದರಿಂದ ‘ಅನ್’ ಹೋಗಿ ‘ಹನ್’ ಆಯಿತು, ಒತ್ತು ಒಂದು ಅಕ್ಷರ ಬಲಕ್ಕೆ ಸರಿಯಿತು. ಹಾಗಾದರೆ ಬಿನಾತದಿಂದ ‘ಕಬಿನತಾಹನ್’ ಬರಬೇಕಲ್ಲ? ಬರುವುದಿಲ್ಲ, ಬರುವುದು ಕಬಿನತಾಅನ್. ಮೊದಲು ಹೇಳಿದ ಗಂಟಲಿನ ತಡೆ ಇಲ್ಲಿ ಕೆಲಸ ಮಾಡುತ್ತದೆ. ತಗಾಲೊಗ್‌ಗೆ ಅದೊಂದು ವ್ಯಂಜನ. ಆದ್ದರಿಂದ ಬಿನಾತ ಕಣ್ಣಿಗೆ ಸ್ವರಾಂತವಾಗಿ ಕಂಡರೂ ಬಾಯಿಗೆ ವ್ಯಂಜನಾಂತ, ‘ಹ’ ಒಳಬರಲು ಜಾಗವಿಲ್ಲ. ಮಗು ಎಂಬರ್ಥದ ‘ಬಾತ’ ಯುವಜನ ಎಂಬರ್ಥದ ‘ಕಬತಾಅನ್’ ಆಗುವುದೂ ಇದೇ ಕಾರಣಕ್ಕೆ. ಕದಲಗಾಹನ್‌ಗೆ ಯುವತಿಯರ ಸಮೂಹ ಎಂಬ ಅರ್ಥದ ಜೊತೆಗೆ ಕನ್ಯೆಯಾಗಿದ್ದ ದಿನಗಳು ಎಂಬ ಅರ್ಥವೂ ಇದೆ.

ದಲಾಗ ಎಂಬ ಪದ ಇತಿಹಾಸದಲ್ಲಿ ತಲೆಯೆತ್ತಿ ನಿಂತ ಒಂದು ಸಂದರ್ಭವಿದೆ. ಮನಿಲಾದ ಉತ್ತರಕ್ಕೆ ಬುಲಕಾನ್ ಪ್ರಾಂತದ ಮಲೋಲೊಸ್ ಊರಿಗೆ 1888ರ ಡಿಸೆಂಬರ್ 12ರಂದು ಸ್ಪ್ಯಾನಿಷ್ ಗವರ್ನರ್ ಜನರಲ್ ವಲೇರಿಯಾನೊ ವೇಯ್ಲರ್ ಬಂದಿದ್ದ. ಊರಿನ 20 ಯುವತಿಯರು ಅವನ ಕೈಗೆ ಒಂದು ಮನವಿ ಕೊಟ್ಟರು: ನಾವು ಸ್ಪ್ಯಾನಿಷ್ ಕಲಿಯಬೇಕು, ರಾತ್ರಿ ಶಾಲೆ ತೆರೆಯಲು ಅಪ್ಪಣೆ ಕೊಡಿ. ಬಹುತೇಕರು ಚೀನೀ ಮೂಲದ ಉಳ್ಳವರ ಮನೆಯ ಹೆಣ್ಣುಮಕ್ಕಳು. ಸ್ಪ್ಯಾನಿಷ್ ಆಗ ಕೋರ್ಟು, ಕಚೇರಿ, ಪತ್ರಿಕೆಗಳ ಭಾಷೆ. ಅದು ಸಾಮಾನ್ಯರ ಕೈಗೆ ಬರುವುದು ಪಾದ್ರಿಗಳಿಗೆ ಬೇಕಿರಲಿಲ್ಲ. ಊರಿನ ಪಾದ್ರಿ ವಿರೋಧಿಸಿದ, ಅಪ್ಪಣೆ ಸಿಗಲಿಲ್ಲ. ಹುಡುಗಿಯರು ಬಿಡಲಿಲ್ಲ. 1889ರ ಫೆಬ್ರವರಿಯಲ್ಲಿ ಷರತ್ತುಗಳ ಮೇಲೆ ಒಪ್ಪಿಗೆ ಬಂತು: ಖರ್ಚು ಅವರದೇ, ಕಲಿಸುವವರು ಹೆಂಗಸಾಗಿರಬೇಕು, ಪಾಠ ಹಗಲಿನಲ್ಲಿ ನಡೆಯಬೇಕು. ಶಾಲೆ ನಡೆದದ್ದು ಕೆಲವೇ ತಿಂಗಳು.

ಫಿಲಿಪೀನ್ಸಿನ ರಾಷ್ಟ್ರವೀರನೆನಿಸಿದ ಲೇಖಕ ಹೋಸೆ ರಿಸಾಲ್ ಆಗ ಲಂಡನ್ನಿನಲ್ಲಿದ್ದ. ಸುಧಾರಣಾವಾದಿ ಪತ್ರಕರ್ತ ಮಾರ್ಸೆಲೊ ದೆಲ್ ಪಿಲಾರ್ ಕೇಳಿಕೊಂಡದ್ದರಿಂದ ಆ ಯುವತಿಯರಿಗೆ ಒಂದು ಉದ್ದನೆಯ ಪತ್ರ ಬರೆದ, 1889ರ ಫೆಬ್ರವರಿ 22ರ ಹೊತ್ತಿಗೆ. ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲೇ ಬರೆಯುತ್ತಿದ್ದವನು ಇದನ್ನು ತಗಾಲೊಗ್‌ನಲ್ಲಿ ಬರೆದ. ‘ಸ ಮಙ ಕಬಬಾಯಙ್ ದಲಾಗ ಸ ಮಲೋಲೊಸ್’, ಮಲೋಲೊಸಿನ ನನ್ನ ನಾಡಿನ ದಲಾಗರಿಗೆ. ತಲೆತಗ್ಗಿಸಿ ಪಾದ್ರಿಯ ಮಾತು ಕೇಳುವುದೇ ಹೆಣ್ಣಿನ ಗುಣವಲ್ಲ, ಯೋಚಿಸುವುದು, ಘನತೆ ಕಾಪಾಡಿಕೊಳ್ಳುವುದು, ಮುಂದೆ ತಾಯಿಯಾಗಿ ಮಕ್ಕಳಲ್ಲಿ ಅದನ್ನೇ ಬೆಳೆಸುವುದು ಗುಣ ಎಂಬುದು ಪತ್ರದ ತಿರುಳು. ದಲಾಗ ಎಂದರೆ ಮದುವೆಗೆ ಕಾದಿರುವವಳು ಎಂದು ವಿವರಿಸಿ ನಿಲ್ಲಿಸುವ ಬರಹಗಳ ಮುಂದೆ ಈ ಪತ್ರವನ್ನು ಇಡಬೇಕು. ಇಲ್ಲಿ ಆ ಪದ ಆಳುವವನ ಮುಂದೆ ನಿಂತು ಹಕ್ಕು ಕೇಳಿದವರ ಹೆಸರಾಗಿದೆ.

ಆದರ್ಶವಾಗಿ ಹೊತ್ತು ಮೆರೆಸಿದ್ದು ಮಾತ್ರ ಇನ್ನೊಂದು ಚಿತ್ರವನ್ನು. ‘ದಲಾಗಙ್ ಪಿಲಿಪೀನ’ ಎಂದರೆ ಫಿಲಿಪೀನ್ಸಿನ ಹೆಣ್ಣು. ಜೊತೆಗೆ ನಾಚಿಕೆ, ಮೆದುಮಾತು, ಮೈಮುಚ್ಚುವ ಉಡುಪು ಎಲ್ಲ ತಾನಾಗಿ ಕಣ್ಣಮುಂದೆ ಬರುತ್ತವೆ. ಇಂಥವಳಿಗೆ ‘ದಿ ಮಕಬಾಸಗ್ ಪಿಙ್ಗಾನ್’ ಎನ್ನುತ್ತಾರೆ, ತಟ್ಟೆಯನ್ನೂ ಒಡೆಯಲಾರದವಳು. ಗಮನಿಸಬೇಕಾದ್ದು ‘ದಲಾಗಙ್’ ಎಂಬಲ್ಲಿನ ಕೊನೆಯ ‘ಙ್’. ತಗಾಲೊಗ್‌ನಲ್ಲಿ ಗುಣವಾಚಕವನ್ನೂ ನಾಮಪದವನ್ನೂ ಪಕ್ಕಪಕ್ಕದಲ್ಲಿ ಬರೀ ಇಟ್ಟರೆ ಸಾಲದು, ನಡುವೆ ಕೊಂಡಿ ಬೇಕು. ಮೊದಲ ಪದ ಸ್ವರದಲ್ಲಿ ಅಥವಾ ಗಂಟಲಿನ ತಡೆಯಲ್ಲಿ ಮುಗಿದರೆ ಅದಕ್ಕೆ ‘ಙ್’ ಅಂಟುತ್ತದೆ, ‘ನ್’ನಲ್ಲಿ ಮುಗಿದರೆ ಆ ‘ನ್’ ಜಾಗದಲ್ಲಿ ‘ಙ್’ ಕೂರುತ್ತದೆ, ಬೇರೆ ವ್ಯಂಜನದಲ್ಲಿ ಮುಗಿದರೆ ‘ನ’ ಎಂಬ ಬಿಡಿಪದ ಬರುತ್ತದೆ. ಕ್ರಮ ಹೇಗಿದ್ದರೂ ನಡೆಯುತ್ತದೆ: ಮಗಂದಾಙ್ ದಲಾಗ, ದಲಾಗಙ್ ಮಗಂದ, ಎರಡೂ ಚೆಂದದ ಹುಡುಗಿಯೇ. ದಲಾಗವನ್ನು ಎರಡು ಬಾರಿ ಕೊಂಡಿ ಹಾಕಿ ಹೇಳಿದರೆ ಒತ್ತು: ‘ದಲಾಗಙ್ ದಲಾಗ ನ!’, ಎಷ್ಟು ದೊಡ್ಡವಳಾಗಿಬಿಟ್ಟಳು! ಊರಿಗೆ ಬಂದ ಚಿಕ್ಕಮ್ಮ ಹೇಳುವ ಮಾತು.

ಈ ಕೊಂಡಿಯಿಂದ ಹುಟ್ಟಿದ ನುಡಿಗಟ್ಟುಗಳಲ್ಲಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ‘ದಲಾಗಙ್ ಬೂಕಿದ್’. ಬೂಕಿದ್ ಎಂದರೆ ಹೊಲಗದ್ದೆ. ಒಟ್ಟು ಅರ್ಥ ಹಳ್ಳಿ ಹುಡುಗಿ. ಇದೇ ಹೆಸರಿನ ಸಂಗೀತ ನಾಟಕ ಆಧರಿಸಿ ಹೋಸೆ ನೆಪೊಮುಸೆನೊ 1919ರಲ್ಲಿ ತೆಗೆದ ಮೂಕಿಚಿತ್ರ ಫಿಲಿಪಿನೊ ನಿರ್ದೇಶಕನೊಬ್ಬನ ಮೊದಲ ಪೂರ್ಣಪ್ರಮಾಣದ ಚಿತ್ರ. ಆದರೆ ಸಂತೆಯಲ್ಲಿ ‘ಇಸಙ್ ಕೀಲೊಙ್ ದಲಾಗಙ್ ಬೂಕಿದ್’ ಎಂದರೆ ಒಂದು ಕಿಲೋ ಮೀನು! ಕೆಂಪು ಛಾಯೆಯ ಹೊಟ್ಟೆ, ಹಳದಿ ಬಾಲದ ಸಮುದ್ರದ ಮೀನು. ಉಪ್ಪು ಸವರಿ ಹುರಿಯುತ್ತಾರೆ. ಯಂತ್ರಾನುವಾದಕ್ಕೆ ಕೊಟ್ಟರೆ ಹಳ್ಳಿ ಹುಡುಗಿಯನ್ನು ಹುರಿಯುವ ಅಡುಗೆವಿಧಾನ ಬರಬಹುದು, ಎಚ್ಚರವಿರಲಿ. ಸೆಬುವಾನೊ ಭಾಷೆಯಲ್ಲಿ ಬೂಕಿದ್ ಎಂದರೆ ಬೆಟ್ಟ. ವೈದ್ಯಕೀಯ ಓದಲು ದಕ್ಷಿಣದ ದವಾವೊ ನಗರಕ್ಕೆ ಹೋಗುವ ನಮ್ಮ ಹುಡುಗರಿಗೆ ಬೀದಿಯಲ್ಲಿ ಕೇಳಿಸುವುದು ಹೆಚ್ಚಾಗಿ ಸೆಬುವಾನೊ, ಹಾಗಾಗಿ ಇದು ತಿಳಿದಿರುವುದು ಒಳ್ಳೆಯದು. ಬಿಕೋಲ್ ಪ್ರದೇಶದಲ್ಲಿ ದಲಾಗ ‘ದರಾಗ’ ಆಗುತ್ತದೆ. ಮಯೋನ್ ಜ್ವಾಲಾಮುಖಿಯ ತಪ್ಪಲಲ್ಲಿ ಅದೇ ಹೆಸರಿನ ಪಟ್ಟಣವಿದೆ, ಬೆಟ್ಟದ ಐತಿಹ್ಯದ ನಾಯಕಿ ದರಾಗಙ್ ಮಗಯೋನ್, ಚೆಲುವೆ ಕನ್ಯೆ. ಉತ್ತರದ ಇಲೊಕಾನೊದಲ್ಲಿ ಪದವೇ ಬೇರೆ, ಬಲಾಸಙ್.

‘ಮತಂದಙ್ ದಲಾಗ’ ಎಂದರೆ ವಯಸ್ಸಾದರೂ ಮದುವೆಯಾಗದವಳು. ವಯಸ್ಸಿನ ಅಳತೆ ಇಲ್ಲಿ ಪೂರ್ತಿ ಕಳಚಿಬಿದ್ದು ಮದುವೆಯದು ಮಾತ್ರ ಉಳಿದಿದೆ. ಗಂಡಸಿಗೂ ‘ಮತಂದಙ್ ಬಿನಾತ’ ಇದೆಯಾದರೂ ಅದು ಅಷ್ಟು ಚುಚ್ಚುವುದಿಲ್ಲ. ಮದುವೆಯಾಗದವಳು ಉಣ್ಣುತ್ತಿರುವಾಗ ಮೇಜಿನಿಂದ ತಟ್ಟೆ ಎತ್ತಬಾರದು, ಎತ್ತಿದರೆ ಅವಳಿಗೆ ಮದುವೆಯಾಗುವುದಿಲ್ಲ ಎಂಬ ನಂಬಿಕೆ ಇಂದಿಗೂ ಅರ್ಧ ತಮಾಷೆ, ಅರ್ಧ ಗಂಭೀರವಾಗಿ ನಡೆಯುತ್ತದೆ. ಅವಿವಾಹಿತ ತಾಯಿಗೆ ‘ದಲಾಗಙ್ ಇನ’ ಎಂಬ ಸೌಮ್ಯ ಪದವೂ ‘ದಿಸ್ಗ್ರಶ್ಯಾದ’ ಎಂಬ ಹೀನ ಪದವೂ ಇವೆ. ಎರಡನೆಯದನ್ನು ಬಳಸಬೇಡಿ. 2000ದ ಕಾಯ್ದೆ ಒಂಟಿ ಪೋಷಕರಿಗೆ ಸವಲತ್ತು ಕೊಟ್ಟ ಮೇಲೆ ‘ಸೋಲೊ ಪೇರೆಂಟ್’ ಎಂಬುದೇ ಕಚೇರಿಯ, ಮರ್ಯಾದೆಯ ಮಾತಾಗಿದೆ. ದಲಾಗಳನ್ನು ಕನ್ನಡಕ್ಕೆ ಕಣ್ಣುಮುಚ್ಚಿ ‘ಕನ್ಯೆ’ ಎಂದು ತರಬಾರದು ಎನ್ನಲು ‘ದಲಾಗಙ್ ಇನ’ ಒಂದೇ ಸಾಕ್ಷಿ ಸಾಕು. ಆ ಅರ್ಥಕ್ಕೆ ಅವರಲ್ಲಿ ಸ್ಪ್ಯಾನಿಷ್‌ನಿಂದ ಬಂದ ‘ಬಿರ್ಹೆನ್’ ಇದೆ. ಮೇರಿ ಮಾತೆಗೆ ಸಲ್ಲುವ ಪದ ಅದು.

ದಲಾಗ ಎಂದು ಯಾರನ್ನೂ ಕೂಗಿ ಕರೆಯುವುದಿಲ್ಲ. ಹೆಸರಿನ ಮುಂದೆ ಕುಮಾರಿ ಎಂಬಂತೆ ‘ಬಿನಿಬಿನಿ’ ಬರುತ್ತದೆ; 1964ರಿಂದ ನಡೆಯುವ ಸೌಂದರ್ಯ ಸ್ಪರ್ಧೆಯ ಹೆಸರು ಬಿನಿಬಿನಿಙ್ ಪಿಲಿಪೀನಸ್. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ‘ಮಿಸ್’ ಸಾಕು. ನಿಮಗಿಂತ ತುಸು ದೊಡ್ಡವಳಾದರೆ ‘ಆತೆ’, ಅಕ್ಕ. ದುಬೈ, ಕುವೈತ್‌ಗಳ ಆಸ್ಪತ್ರೆ ಕಚೇರಿಗಳಲ್ಲಿ ಫಿಲಿಪಿನೊ ಸಹೋದ್ಯೋಗಿಗಳಿರುವ ಕನ್ನಡಿಗರು ಆತೆ ಒಂದನ್ನು ಕಲಿತರೂ ಸಂಬಂಧ ಸಲೀಸಾಗುತ್ತದೆ.

ಹದಿನೆಂಟನೇ ಹುಟ್ಟುಹಬ್ಬ, ‘ದೆಬು’, ದಲಾಗಳಾದದ್ದನ್ನು ಊರಿಗೆ ಸಾರುವ ಹಬ್ಬ: 18 ಗಂಡಸರು ಒಬ್ಬೊಬ್ಬರಾಗಿ ಗುಲಾಬಿ ಕೊಟ್ಟು ಅವಳೊಡನೆ ನರ್ತಿಸುತ್ತಾರೆ, 18 ಹೆಂಗಸರು ಮೇಣದ ಬತ್ತಿ ಹಿಡಿದು ಹರಸುತ್ತಾರೆ. 1988ರ ಆಗಸ್ಟ್ 3ರಿಂದ ಜಾರಿಯಲ್ಲಿರುವ ಕುಟುಂಬ ಸಂಹಿತೆಯ ಪ್ರಕಾರ ಮದುವೆಯ ವಯಸ್ಸೂ 18. ಆದರೆ 18ರಿಂದ 21ರವರೆಗೆ ತಂದೆತಾಯಿಯ ಒಪ್ಪಿಗೆ ಬೇಕು. 21ರಿಂದ 25ರವರೆಗೆ ಅವರ ಸಲಹೆ ಕೇಳಬೇಕು. ಅದು ಸಿಗದಿದ್ದರೆ ಅಥವಾ ಪ್ರತಿಕೂಲವಾದರೆ ಪರವಾನಗಿ ಮೂರು ತಿಂಗಳು ತಡವಾಗುತ್ತದೆ. ಮದುವೆಯಾಗಿಲ್ಲ ಎಂಬುದಕ್ಕೆ ಬಾಯಿಮಾತು ನಡೆಯುವುದಿಲ್ಲ, ಅಂಕಿಅಂಶ ಪ್ರಾಧಿಕಾರ ಕೊಡುವ ‘ಸೆನೊಮಾರ್’ ಎಂಬ ಪ್ರಮಾಣಪತ್ರ ತರಬೇಕು: ವಿವಾಹ ದಾಖಲೆಯಿಲ್ಲ ಎಂಬ ಕಾಗದ. ಫಿಲಿಪೀನ್ಸಿನ ಹುಡುಗಿಯನ್ನು ಅಲ್ಲೇ ಮದುವೆಯಾಗುವ ವಿದೇಶಿ ವರ, ಮದುವೆಗೆ ಕಾನೂನಿನ ಅಡ್ಡಿಯಿಲ್ಲ ಎಂಬ ಪತ್ರವನ್ನು ತನ್ನ ದೇಶದ ರಾಯಭಾರ ಕಚೇರಿಯಿಂದ ತರಬೇಕು. ಪರವಾನಗಿಗೆ ಮೊದಲು ಹತ್ತು ದಿನ ಸಾರ್ವಜನಿಕ ಪ್ರಕಟಣೆ, ಸಿಕ್ಕ ಮೇಲೆ 120 ದಿನದ ಗಡುವು.

ಇನ್ನು ನಮೂನೆಯ ಆ ಸಾಲು: ‘ಪಙಾಲನ್ ನಙ್ ಇನ ಸ ಪಗ್‌ಕದಲಾಗ’, ತಾಯಿಯ ಕನ್ಯಾವಸ್ಥೆಯ ಹೆಸರು, ಅಂದರೆ ತವರಿನ ಹೆಸರು. ಅದು ಬರೀ ಗುರುತಿನ ಪ್ರಶ್ನೆಯಲ್ಲ, ಹೆಸರಿನ ಕಟ್ಟಡವೇ ಅದರ ಮೇಲೆ ನಿಂತಿದೆ. ಮರಿಯ ಸಾಂತೊಸ್ ರೆಯೆಸ್ ಎಂಬ ಹೆಸರಿದ್ದರೆ ಸಾಂತೊಸ್ ಅವಳ ತಾಯಿಯ ತವರಿನ ಕುಲನಾಮ, ರೆಯೆಸ್ ತಂದೆಯದು. ಕ್ರೂಸ್ ಮನೆತನದವನನ್ನು ಮದುವೆಯಾಗಿ ಅವನ ಹೆಸರು ಹಚ್ಚಿಕೊಂಡರೆ ಅವಳು ಮರಿಯ ರೆಯೆಸ್ ಕ್ರೂಸ್. ಸಾಂತೊಸ್ ಬಿದ್ದುಹೋಗಿ ತನ್ನದೇ ಹಳೆಯ ಕುಲನಾಮ ನಡುವಿಗೆ ಬರುತ್ತದೆ. ಊರು, ತಂದೆಯ ಹೆಸರುಗಳ ಇನಿಶಿಯಲ್‌ಗೆ ಒಗ್ಗಿದ ನಮ್ಮವರು ಆ ನಡುವಿನ ಹೆಸರನ್ನು ಎರಡನೇ ಅಂಕಿತನಾಮ ಎಂದು ತಿಳಿದು ಕಡತಗಳಲ್ಲಿ ಮೊದಲ ಹೆಸರಿನ ಜೊತೆ ಸೇರಿಸಿಬಿಡುತ್ತಾರೆ, ಆಮೇಲೆ ಪಾಸ್‌ಪೋರ್ಟಿಗೂ ಕಡತಕ್ಕೂ ತಾಳೆಯಾಗುವುದಿಲ್ಲ. ಗಂಡನ ಹೆಸರು ಹಚ್ಚಿಕೊಳ್ಳುವುದು ಕಡ್ಡಾಯವಲ್ಲ. ನಾಗರಿಕ ಸಂಹಿತೆಯ 370ನೇ ವಿಧಿ ಅದನ್ನು ಆಯ್ಕೆಯಾಗಿ ಮಾತ್ರ ಕೊಟ್ಟಿದೆ. ಆದರೆ ಒಮ್ಮೆ ಪಾಸ್‌ಪೋರ್ಟಿನಲ್ಲಿ ಹಚ್ಚಿಕೊಂಡವಳು ಮದುವೆ ಉಳಿದಿರುವಾಗ ಹಿಂದಿರುಗುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ಹೊಸ ಪಾಸ್‌ಪೋರ್ಟ್ ಕಾಯ್ದೆ ಆ ಬಾಗಿಲನ್ನು ತೆರೆದಿದೆ: ಮದುವೆಯಾದವಳೂ ಪಾಸ್‌ಪೋರ್ಟಿನಲ್ಲಿ ಪಗ್‌ಕದಲಾಗದ ಹೆಸರಿಗೆ ಮರಳಬಹುದು, ಒಂದು ಬಾರಿ ಮಾತ್ರ.